ಮಣ್ಣಿಗಿಳಿಯಲಿ ನಮ್ಮ ಮಕ್ಕಳು



ಈ ಬಾರಿ ನಾಡು-ನುಡಿಯ ಹೋರಾಟದ ಸುದ್ದಿಗೆ ಮೊದಲು ಮನೆಯ ಮಾತೊಂದನ್ನು ಹೇಳಿಕೊಳ್ಳುತ್ತೇನೆ. ನನ್ನ ಮಗನಿಗೆ ಈಗ ಎಂಟು ವರ್ಷ. ಐದರಲ್ಲಿದ್ದಾಗ ಹುಲ್ಲಿನ ಮೇಲೆ ಬರಿಗಾಲು ಇಡುತ್ತಿರಲಿಲ್ಲ. ಕೈಗೆ ಅನ್ನ ಅಂಟಿದರೆ ಅಳುತ್ತಿದ್ದ, ಪೆನ್ಸಿಲ್ ಹಿಡಿಯಲು ಒದ್ದಾಡುತ್ತಿದ್ದ. "ದೊಡ್ಡವನಾದ್ರೆ ಸರಿಹೋಗ್ತಾನೆ" ಎಂದುಕೊಂಡು ಒಂದು ವರ್ಷ ಕಳೆದೆವು. ಸಂಘದ ಯುಗಾದಿಗೆ ಹೋಗುವುದನ್ನೂ ಬಿಟ್ಟೆವು. ಮಗನಿಗೆ ತೊಂದರೆ ಎಂದಲ್ಲ, ನಮಗೆ ನಾಚಿಕೆ ಎಂದು.

ಕೊನೆಗೆ ಇಲ್ಲಿ, ಅಮೆರಿಕದಲ್ಲೇ, ಆಕ್ಯುಪೇಷನಲ್ ಥೆರಪಿ ಶುರುವಾಯಿತು. ಹೆಸರು ಕೇಳಿ ನೌಕರಿಯ ವಿಷಯ ಎಂದುಕೊಳ್ಳಬೇಡಿ. ಉಣ್ಣುವುದು, ಉಡುವುದು, ಬರೆಯುವುದು, ಆಡುವುದು, ಇವೇ ಮಗುವಿನ ಕೆಲಸಗಳು. ಸ್ಪರ್ಶ, ಸಮತೋಲನ, ಚಲನೆಗಳ ಅರಿವು ಏರುಪೇರಾದರೆ ಕಲಿಕೆಗೆ ಹೇಗೆ ತೊಡಕಾಗುತ್ತದೆ ಎಂಬುದನ್ನು ಅಮೆರಿಕದ ಎ. ಜೀನ್ ಏರ್ಸ್ 1972ರಲ್ಲೇ ಪುಸ್ತಕವಾಗಿ ಬರೆದಿದ್ದರು.

ಕೋಣೆಯೊಳಗಿನ ಉಯ್ಯಾಲೆ, ಚೆಂಡುಗಳಿಂದ ಉಪಯೋಗವಾಯಿತು. ಆದರೆ ಸರದಿ ಕಾಯುವುದನ್ನು ಕಲಿಯಲು ಅಲ್ಲಿ ಇನ್ನೊಂದು ಮಗುವೇ ಇರಲಿಲ್ಲ. ಕಳೆದ ಬೇಸಿಗೆಯಲ್ಲಿ ಅದೇ ಥೆರಪಿಸ್ಟ್ ಪಾರ್ಕಿನಲ್ಲಿ ನಡೆಸುವ ಆರು ಮಕ್ಕಳ ಶನಿವಾರದ ಗುಂಪಿಗೆ ಸೇರಿಸಿದೆವು. ಇಬ್ಬಿಬ್ಬರು ಸೇರಿ ಮರದ ದಿಮ್ಮಿ ಹೊರುತ್ತಾರೆ: ಸ್ನಾಯು, ಕೀಲುಗಳಿಗೆ ಕೆಲಸ, ಜತೆಗೆ ಹೆಜ್ಜೆ ಹೊಂದಿಸುವ ಪಾಠ. ಇಳಿಜಾರಿನಲ್ಲಿ ಉರುಳುತ್ತಾರೆ: ಒಳಕಿವಿಯ ಸಮತೋಲನಕ್ಕೆ. ಮಣ್ಣು ಕಲಸುತ್ತಾರೆ: ಬೆರಳುಗಳಿಗೆ. ಮೂರು ವಾರ ಇವನು ದೂರ ನಿಂತು ನೋಡಿದ. ನಾಲ್ಕನೇ ವಾರ ಜೊತೆಗಾರ ಬಾರದ ಹುಡುಗಿಯೊಬ್ಬಳು ದಿಮ್ಮಿಯ ಇನ್ನೊಂದು ತುದಿ ಹಿಡಿಯಲು ಇವನನ್ನು ಕರೆದಳು. ಹೋದ.

ಇದು ಮಾಯಾಮದ್ದಲ್ಲ. ಗದ್ದಲವಾದರೆ ಇವತ್ತಿಗೂ ಕಿವಿ ಮುಚ್ಚಿಕೊಳ್ಳುತ್ತಾನೆ. ಆದರೆ ಕೋಣೆಯಲ್ಲಿ ಕಲಿತದ್ದನ್ನು ಏರುತಗ್ಗಿನ ನೆಲದಲ್ಲಿ, ಬೇರೆ ಮಕ್ಕಳ ನಡುವೆ ಬಳಸುವುದನ್ನು ಅವನು ಕಲಿತದ್ದು ಅಲ್ಲಿಯೇ.

ಇನ್ನೊಂದು ಮಾತು. "ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ" ಎಂದು ಶಾಲೆಯಲ್ಲೊಬ್ಬರು ಹೇಳಿದ್ದರು. ಎರಡು ಭಾಷೆಗಳಿಂದ ಇಂಥ ಮಕ್ಕಳಿಗೆ ಹಾನಿ ಎಂಬುದನ್ನು ಸಂಶೋಧನೆ ಒಪ್ಪುವುದಿಲ್ಲ. ನಾವು ಕನ್ನಡ ಬಿಡಲಿಲ್ಲ. ದಿಮ್ಮಿ ಎತ್ತುವಾಗ ಇವನು ಕೂಗುವುದು ತಾತ ಫೋನಿನಲ್ಲಿ ಕಲಿಸಿದ "ಐಸಾ!" ಈಗ ಆರೂ ಮಕ್ಕಳು ಹಾಗೇ ಕೂಗುತ್ತಾರೆ.

ಅಮೆರಿಕದಲ್ಲಿರುವ ಗೆಳೆಯರೇ, ಮೂರು ದಾಟಿದ ಮಗುವಿನ ಬಗ್ಗೆ ಅನುಮಾನವಿದ್ದರೆ ಸ್ಕೂಲ್ ಡಿಸ್ಟ್ರಿಕ್ಟ್‌ಗೆ ಬರೆದು ಕೇಳಿ. ಐಡಿಇಎ ಕಾಯ್ದೆಯಡಿ ಅವರು ನಡೆಸುವ ಮೌಲ್ಯಮಾಪನಕ್ಕೆ ನೀವು ಹಣ ಕೊಡಬೇಕಿಲ್ಲ. ಹೊರಗಿನ ಗುಂಪಿಗೆ ಸೇರಿಸುವ ಮುನ್ನ ನಡೆಸುವವರಿಗೆ ಲೈಸೆನ್ಸ್ ಇದೆಯೇ, ನಿಮ್ಮ ಇನ್ಶೂರೆನ್ಸ್ ಖರ್ಚು ಕೊಡುತ್ತದೆಯೇ ಎಂದು ವಿಚಾರಿಸಿ. ಸಂಘದ ಪದಾಧಿಕಾರಿಗಳೇ, ಪಿಕ್ನಿಕ್ಕಿನಲ್ಲಿ ಮೈಕಿನಿಂದ ದೂರ ಒಂದು ಮೂಲೆಯನ್ನು ಲಗೋರಿಗೆ, ಕುಂಟೆಬಿಲ್ಲೆಗೆ, ಮಣ್ಣಾಟಕ್ಕೆ ಬಿಡಿ.

ಮುಂದಿನ ಯುಗಾದಿಗೆ ನಾವು ಮೂವರೂ ಬರುತ್ತೇವೆ. ಮನೆಯಲ್ಲೇ ಉಳಿದ ಮಗು ನಿಮ್ಮದಿದ್ದರೆ, ಕರೆತನ್ನಿ.

ಸಿರಿಗನ್ನಡಂ ಗೆಲ್ಗೆ!

ನಿಮ್ಮವ,
ಸಂಪಾದಕ