ಜಾಝ್ ಡ್ಯಾನ್ಸು ನಮ್ಮ ಮಕ್ಕಳಿಗ್ಯಾಕೆ ಅನ್ನೋರಿಗೆ



ಅಮ್ಮಸಂದ್ರ ಸುತ್ತಿನ ನಮ್ಮ ಕೇರಿ ಹುಡುಗ್ರು ಮೊಬೈಲ್ ನೋಡ್ಕೊಂಡು ಜಾಝ್ ಡ್ಯಾನ್ಸ್ ಕಲೀತೀವಿ ಅಂದ್ರೆ ಎರಡು ಕಡೆಯಿಂದ ಏಟು. ಊರಿನವರು "ನಿಮಗ್ಯಾಕ್ರೋ ಅದು, ತಮಟೆ ಇದೆಯಲ್ಲ" ಅಂತಾರೆ. ನಮ್ಮ ಸಂಘಟನೆಯ ಕೆಲವು ಅಣ್ಣಂದಿರೇ "ಹೋರಾಟ ಬಿಟ್ಟು ಬಿಳಿಯರ ಕುಣಿತ ಬೇಕಾ?" ಅಂತಾರೆ.

ಅಣ್ಣಾ, ಅದು ಬಿಳಿಯರದ್ದು ಅಂತ ನಿಮಗೆ ಹೇಳಿದ್ಯಾರು? ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದು ಮಾರಿದ ಜನರ ಕುಣಿತ ಅದು. 1739ರಲ್ಲಿ ದಕ್ಷಿಣ ಕ್ಯಾರೊಲಿನಾದ ಗುಲಾಮರು ಡೋಲು ಬಾರಿಸಿಕೊಂಡು ದಂಗೆ ಎದ್ದರು. 1740ರಲ್ಲಿ ಒಡೆಯರು ಕಾನೂನು ತಂದು ಡೋಲನ್ನೇ ನಿಷೇಧಿಸಿದರು. ಡೋಲು ಹೋದರೆ ಅಂಗೈ, ತೊಡೆ, ಪಾದವನ್ನೇ ಡೋಲು ಮಾಡಿಕೊಂಡರು. ನ್ಯೂ ಆರ್ಲಿಯನ್ಸಿನ ಕಾಂಗೋ ಚೌಕದಲ್ಲಿ ಭಾನುವಾರ ಸೇರಿ ಕುಣಿದರು. ಜಾಝಿನ ಬೇರು ಅಲ್ಲಿದೆ. 1926ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಸವೊಯ್ ಬಾಲ್‌ರೂಮ್ ಶುರುವಾಯ್ತು. ಅಲ್ಲಿ ಕಪ್ಪು ಜನ, ಬಿಳಿ ಜನ ಒಂದೇ ನೆಲದ ಮೇಲೆ ಕುಣಿದರು. ನಮ್ಮ ಎಷ್ಟೋ ಜಾತ್ರೆಗಳಲ್ಲಿ ತಮಟೆ ಬೇಕು, ತಮಟೆಯವನು ಮಾತ್ರ ಗುಡಿಯಾಚೆ ನಿಲ್ಲಬೇಕು! ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಇರೋದೂ ಈ ಹಾರ್ಲೆಮ್ ಪಕ್ಕದಲ್ಲೇ.

ಹೆಸರು ಯಾರಿಗೆ ಹೋಯ್ತು ಅಂತಲೂ ಕೇಳಿ. ಸ್ವಿಂಗ್ ಸಂಗೀತಕ್ಕೆ ಭರತನಾಟ್ಯದ ಚಲನೆ ಬೆರೆಸಿದ ಜ್ಯಾಕ್ ಕೋಲ್ ಎಂಬ ಬಿಳಿಯನಿಗೆ 'ಜಾಝ್ ನೃತ್ಯದ ಪಿತಾಮಹ' ಅನ್ನೋ ಬಿರುದು. ಸ್ವಿಂಗ್ ಕಪ್ಪು ಜನರದ್ದು, ಭರತನಾಟ್ಯದ ಹಿಂದೆ ಇದ್ದವರು ದೇವದಾಸಿ ಹೆಣ್ಣುಮಕ್ಕಳು. ಬೆವರು ಒಬ್ಬರದ್ದು, ಬಿರುದು ಇನ್ನೊಬ್ಬರದ್ದು. ಈ ಆಟ ನಮಗೆ ಹೊಸದಾ?

ಊರವರ ಚಾಕರಿಗೆ ಬಾರಿಸೋ ತಮಟೆಯನ್ನ ನಮ್ಮ ಹಿರಿಯರು ಬಿಸಾಕಿದ್ದು ಸರಿ. ಅದೇ ತಮಟೆ ನಮ್ಮ ಮೆರವಣಿಗೆಯ ದನಿಯಾಗಿದ್ದೂ ಸರಿ. ತಮಟೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ಹೆಮ್ಮೆ. ಆದರೆ "ನಿಮಗೆ ತಮಟೆ ಸಾಕು" ಅನ್ನೋ ಮಾತು ಬೇಲಿ ಕಣ್ರಪ್ಪ.

ಮಕ್ಕಳೇ, ಹೀಗೆ ಶುರು ಮಾಡಿ. ಮಂಡಿ ಸಡಿಲ ಬಿಟ್ಟು ಕೊಂಚ ಬಗ್ಗಿಸಿ, ಮೈಭಾರ ನೆಲಕ್ಕೆ ಕೊಡಿ. ಒಂದರಿಂದ ಎಂಟು ಎಣಿಸಿ. ತಲೆ, ಭುಜ, ಎದೆಗೂಡು, ಸೊಂಟ: ಒಂದು ಆಡುವಾಗ ಉಳಿದವು ಅಲ್ಲಾಡಬಾರದು. ಇದಕ್ಕೆ ಐಸೊಲೇಷನ್ ಅಂತಾರೆ. ಆಮೇಲೆ ಜಾಝ್ ಸ್ಕ್ವೇರ್: ಬಲಗಾಲು ಎಡಗಾಲಿನ ಮುಂದೆ ಅಡ್ಡಲಾಗಿ, ಎಡಗಾಲು ಹಿಂದಕ್ಕೆ, ಬಲಗಾಲು ಪಕ್ಕಕ್ಕೆ, ಎಡಗಾಲು ಮುಂದಕ್ಕೆ. ಚಪ್ಪಾಳೆ ಒಂದು, ಮೂರಕ್ಕೆ ಬೇಡ. ಎರಡು, ನಾಲ್ಕಕ್ಕೆ ಹಾಕಿ. ತಮಟೆಗೆ ಹೆಜ್ಜೆ ಹಾಕಿದ ಮೈಗೆ ಇದು ಬೇಗ ಹತ್ತುತ್ತೆ.

ಕಾಯಿ ಸುಲಿದು ಕೂಲಿ ತರೋ ಅಪ್ಪ ಅಮ್ಮ ಬೆಂಗಳೂರಿನ ಡ್ಯಾನ್ಸ್ ಕ್ಲಾಸಿಗೆ ಫೀಸು ಎಲ್ಲಿಂದ ಕಟ್ಟಬೇಕು? ಅಣ್ಣಂದಿರೇ, ಏಪ್ರಿಲ್ 14ಕ್ಕೆ ಮಾತ್ರ ಬೀಗ ತೆಗೆಯೋ ಅಂಬೇಡ್ಕರ್ ಭವನಗಳನ್ನ ದಿನಾ ಸಂಜೆ ಎರಡು ಗಂಟೆ ತೆಗೆಸಿ. ಒಂದು ಸ್ಪೀಕರ್ ಇಡಿ. ಹೆಣ್ಣುಮಕ್ಕಳಿಗೆ ಮೊದಲ ಸಾಲು ಕೊಡಿ, ಅವರ ಸೊಂಟ ನೋಡಿ ನಗೋರನ್ನ ಆಚೆ ಕಳಿಸಿ. ತಲೆ ತಗ್ಗಿಸಿ, ಮೈ ಮುದುಡಿಕೊಂಡು ನಡೀರಿ ಅಂತ ತಲೆತಲಾಂತರ ಹೇಳಿಸಿಕೊಂಡ ಮೈಗಳು ಇವು. ಎದೆಯೆತ್ತಿ ಕುಣಿಯಲಿ. ಅದೂ ಹೋರಾಟವೇ.

ಜೈ ಭೀಮ್.