ಹಿರಿಯರೊಡನೆ ಹೊಳೆಯ ಮೇಲೆ ಒಂದು ಸಂಜೆ

ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವುದರಲ್ಲಿ ನಮಗೆ ಹಲವು ವರ್ಷಗಳ ಅನುಭವವುಂಟು. ಬೇಕಲದ ಕೋಟೆಯನ್ನು ಎಷ್ಟು ತಂಡಗಳಿಗೆ ತೋರಿಸಿದ್ದೇವೆಂಬುದಕ್ಕೆ ಲೆಕ್ಕವಿಲ್ಲ. ಆದರೆ ಮನೆಯ ಹಿರಿಯರನ್ನು ಮದುವೆಗೆ, ಗೃಹಪ್ರವೇಶಕ್ಕೆ, ಬೊಜ್ಜಕ್ಕೆ, ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲಿಗಾದರೂ ಕರೆದೊಯ್ದಿದ್ದೇವೆಯೇ? ಈ ಪ್ರಶ್ನೆ ನಮ್ಮನ್ನು ತಟ್ಟಿದ್ದು ಬಹಳ ತಡವಾಗಿ.

ನಮ್ಮ ಸೋದರತ್ತೆಗೆ ಈಗ ಎಂಬತ್ತೆರಡು ವರ್ಷ. ಎರಡು ವರ್ಷಗಳ ಹಿಂದೆ ನಮ್ಮ ಮನೆಗೆ ಬಂದಿದ್ದಾಗ, "ಮಗಾ, ಒಮ್ಮೆ ದೋಣಿಯಲ್ಲಿ ಕೂತು ಹೊಳೆಯಲ್ಲಿ ಹೋಗಬೇಕೆಂದು ಆಸೆ" ಎಂದಿದ್ದರು. "ಆಗಲಿ ಅತ್ತೆ, ಮುಂದಿನ ರಜೆಯಲ್ಲಿ" ಎಂದೆವು. ರಜೆಗಳು ಬಂದವು, ಹೋದವು. ಅವರೊಡನೆ ಬರಬೇಕಾಗಿದ್ದ ನಮ್ಮ ತಂದೆಯವರು ಅಷ್ಟರಲ್ಲಿ ಇಲ್ಲವಾದರು. ಕಳೆದ ಡಿಸೆಂಬರದಲ್ಲಿ ಅತ್ತೆ ಮತ್ತೆ ಬಂದಾಗ ದೋಣಿಯ ಮಾತೆತ್ತಲಿಲ್ಲ. ಅವರು ಕೇಳದೆ ಉಳಿದದ್ದೇ ನಮ್ಮನ್ನು ಚುಚ್ಚಿತು. ಚಿಕ್ಕಪ್ಪನವರನ್ನೂ ಸೇರಿಸಿಕೊಂಡು ಹೊರಡುವುದೆಂದು ಅಂದೇ ನಿಶ್ಚಯಿಸಿದೆವು.

ಮನೆಯಲ್ಲಿ ವಿರೋಧಕ್ಕೇನೂ ಕೊರತೆಯಿರಲಿಲ್ಲ. ಮಂಡಿನೋವು, ಸಕ್ಕರೆ ಕಾಯಿಲೆ, ತಲೆಸುತ್ತು ಎಂದು ಒಬ್ಬೊಬ್ಬರೂ ಒಂದೊಂದು ಕಾರಣ ಮುಂದಿಟ್ಟರು. ಭಯಕ್ಕೆ ಆಧಾರವಿಲ್ಲವೆಂದೂ ಹೇಳುವಂತಿಲ್ಲ. ನಮ್ಮ ಕೇರಳದಲ್ಲಿಯೇ 2007ರ ಫೆಬ್ರವರಿಯಲ್ಲಿ ತಟ್ಟೇಕಾಡಿನಲ್ಲಿ ಶಾಲಾ ಪ್ರವಾಸದ ದೋಣಿ ಮುಳುಗಿ ಮಕ್ಕಳೂ ಅಧ್ಯಾಪಕರೂ ಸೇರಿ 18 ಮಂದಿ ತೀರಿಕೊಂಡರು. 2009ರ ಸೆಪ್ಟೆಂಬರದಲ್ಲಿ ತೇಕ್ಕಡಿಯಲ್ಲಿ 45 ಮಂದಿ, 2023ರ ಮೇ ತಿಂಗಳಲ್ಲಿ ತಾನೂರಿನಲ್ಲಿ 22 ಮಂದಿ. ಮಿತಿಮೀರಿ ಜನರನ್ನು ತುಂಬುವುದು, ಎಲ್ಲರೂ ಒಂದೇ ಬದಿಗೆ ಸರಿಯುವುದು, ರಕ್ಷಾಕವಚ ತೊಡದಿರುವುದು ಇವೇ ಇಂಥ ದುರಂತಗಳ ಹಿಂದಿರುವ ತಪ್ಪುಗಳು. ಹೊಳೆಯನ್ನು ದೂಷಿಸಿ ಫಲವಿಲ್ಲ, ಎಚ್ಚರವು ನಮ್ಮಲ್ಲಿರಬೇಕು.

ನಾವು ಮೊದಲು ವಿಚಾರಿಸಿದ ದೋಣಿಯವನು, "ಇಷ್ಟು ಸಣ್ಣ ಸವಾರಿಗೆ ಜಾಕೆಟ್ ಯಾಕೆ ಮಾಷ್ಟ್ರೇ?" ಎಂದು ನಕ್ಕ. ನಾವು ನಗದೆ ಹಿಂದಿರುಗಿದೆವು. ಎರಡನೆಯವನು ಪ್ರಾಯದವನಾದರೂ ಜವಾಬ್ದಾರಿಯುಳ್ಳವನು. "ಉಬ್ಬರದ ಹೊತ್ತಿಗೇ ಬನ್ನಿ. ಇಳಿತದಲ್ಲಿ ದೋಣಿ ತಗ್ಗಿಗೆ ಹೋಗುತ್ತದೆ, ಅಜ್ಜಿಗೆ ಇಳಿಯಲಾಗದು" ಎಂದ. ಈ ಒಂದು ಮಾತಿನಿಂದಲೇ ಅವನ ಮೇಲೆ ನಮಗೆ ವಿಶ್ವಾಸ ಹುಟ್ಟಿತು. ಅಳಿವೆಗೆ ಸಮೀಪದ ಹೊಳೆಯಲ್ಲಿ ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಆ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಆದುದರಿಂದ ಗಡಿಯಾರವನ್ನಲ್ಲ, ಹೊಳೆಯನ್ನೇ ಕೇಳಿ ಹೊರಡಬೇಕು.

ದೋಣಿಗೆ ಹತ್ತಿಸುವುದೂ ಒಂದು ವಿದ್ಯೆ. ವೃದ್ಧರ ಕೈಹಿಡಿದು ಎಳೆಯಬಾರದು. ಅವರೇ ನಮ್ಮ ಮುಂಗೈಯನ್ನು ಆಧರಿಸಿಕೊಳ್ಳಲಿ. ಮೊದಲು ದಡದ ಕಟ್ಟೆಯಲ್ಲಿ ಕೂರಿಸಿ, ಕಾಲುಗಳನ್ನು ದೋಣಿಯೊಳಗೆ ಇಳಿಸಿ, ಒಬ್ಬರು ಹಿಂದೆ, ಒಬ್ಬರು ಮುಂದೆ ನಿಂತು ಮೆಲ್ಲನೆ ಸರಿಸಬೇಕು. ದೋಣಿಯ ನಡುಭಾಗದಲ್ಲಿ, ತಗ್ಗಿನ ಹಲಗೆಯ ಮೇಲೆ ಕೂರಿಸಬೇಕು; ಜಾರುವ ಪ್ಲಾಸ್ಟಿಕ್ ಕುರ್ಚಿ ಸಲ್ಲದು. ಸಕ್ಕರೆ ಕಾಯಿಲೆಯವರಿಗೆ ತಿನ್ನಲು ಏನಾದರೂ, ಕುಡಿಯುವ ನೀರು, ಸಂಜೆಯ ಮಾತ್ರೆ ಕೈಯಲ್ಲಿರಲಿ. ಹೊರಡುವ ಮೊದಲೇ ಶೌಚದ ವ್ಯವಸ್ಥೆಯಾಗಲಿ. ಹಿರಿಯರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ನಾವೇ ಅರಿಯಬೇಕು. ಒಂದು ಗಂಟೆಯ ವಿಹಾರ ಧಾರಾಳವಾಯಿತು.

ಸಂಜೆ ನಾಲ್ಕರ ಹೊತ್ತಿಗೆ ದೋಣಿ ಹೊರಟಿತು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿಯಾಗಿ ಹರಿದು, ನಮ್ಮಲ್ಲಿಗೆ ಬರುವಾಗ ಚಂದ್ರಗಿರಿಯೆನಿಸಿಕೊಳ್ಳುವ ಹೊಳೆ ಅದು. ತೆಂಕಣ ದಡದ ಎತ್ತರದಲ್ಲಿ 17ನೆಯ ಶತಮಾನದ ಚಂದ್ರಗಿರಿ ಕೋಟೆ. ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. ಕಾಂಡ್ಲಾ ಗಿಡಗಳ ಬೇರಿನ ಮೇಲೆ ನೀರುಕಾಗೆಗಳು ರೆಕ್ಕೆ ಬಿಡಿಸಿ ಕುಳಿತಿದ್ದವು. ಮರುವಾಯಿ ಹೆಕ್ಕಿ ಮರಳುತ್ತಿದ್ದವರೊಡನೆ ಚಿಕ್ಕಪ್ಪನವರು ತುಳುವಿನಲ್ಲಿ ಬೆಲೆ ವಿಚಾರಿಸಿದರು; ಉತ್ತರ ಮಲಯಾಳದಲ್ಲಿ ಬಂತು; ಇಬ್ಬರಿಗೂ ಅರ್ಥವಾಯಿತು.

ನಮ್ಮೊಳಗಿನ ಅಧ್ಯಾಪಕ ಸುಮ್ಮನಿರಲಿಲ್ಲ. ಮೊಮ್ಮಕ್ಕಳಿಗೆ ಪಾಠ ಆರಂಭಿಸಿದೆವು: "1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗವು ಈ ಹೊಳೆಯ ಬಡಗು ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಆದರೆ ಅದು..."

"ಮಗಾ, ದೋಣಿ ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆಯೋ?" ಅತ್ತೆ ನಡುವೆ ಕೇಳಿದರು.

ಉಬ್ಬರ ಇನ್ನೂ ಏರುತ್ತಿತ್ತು, ದೋಣಿಯವನು ಒಪ್ಪಿದ. ಒಂದು ತಿರುವನ್ನು ದಾಟಿದ ಮೇಲೆ, ಬಡಗು ದಡದಲ್ಲಿ ಅರ್ಧ ಮಣ್ಣಾದ ನಾಲ್ಕೈದು ಕಲ್ಲುಮೆಟ್ಟಿಲುಗಳು ಕಂಡವು. ಅತ್ತೆ ಕೈಯೆತ್ತಿ ನಿಲ್ಲಿಸಲು ಹೇಳಿದರು. ಅದು ಹಳೆಯ ಕಡವು. ಅವರ ತವರುಮನೆ ಬಡಗು ದಡದಲ್ಲಿ, ಗಂಡನ ಮನೆ ತೆಂಕು ದಡದಲ್ಲಿ. ಮದುವಣಗಿತ್ತಿಯಾಗಿ ಅವರು ಹೊಳೆ ದಾಟಿದ್ದು ಅಲ್ಲಿಯೇ.

"1964ರ ಆಟಿ ತಿಂಗಳು. ಅಪ್ಪನಿಗೆ ಜೋರೆಂದು ಹೇಳಿ ಕಳುಹಿಸಿದ್ದರು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ದೋಣಿ ಬಿಡಲಿಲ್ಲ. ಎರಡು ದಿನ ಆಚೆ ದಡದಲ್ಲಿ ಕೊರಂಬು ಹಿಡಿದು ನಿಂತೆ. ನಮ್ಮ ತೋಟದ ತೆಂಗಿನ ತುದಿ ಕಾಣುತ್ತಿತ್ತು. ಮೂರನೆಯ ದಿನ ದಾಟಿದಾಗ ಎಲ್ಲ ಮುಗಿದಿತ್ತು."

ಅತ್ತೆ ಇದನ್ನು ಯಾರೊಡನೆಯೂ ಹೇಳಿರಲಿಲ್ಲ. ಚಿಕ್ಕಪ್ಪನವರಿಗೂ ತಿಳಿದಿರಲಿಲ್ಲ. "ನೀನು ತಡಮಾಡಿದೆ ಎಂದು ನಾವೆಲ್ಲ ಎಣಿಸಿದ್ದೆವು ಅಕ್ಕಾ" ಎಂದರು. ಅರುವತ್ತು ವರ್ಷ ಅಣ್ಣತಮ್ಮಂದಿರ ಮನಸ್ಸಿನಲ್ಲಿ ಉಳಿದಿದ್ದ ಸಣ್ಣ ಮುಳ್ಳೊಂದು ಅಂದು ಹೊರಬಂತು. ಅತ್ತೆ ಬಗ್ಗಿ ಒಂದು ಬೊಗಸೆ ನೀರನ್ನೆತ್ತಿ ಹೊಳೆಗೇ ಬಿಟ್ಟರು. ದೋಣಿಯವನು ಎಂಜಿನನ್ನು ನಿಲ್ಲಿಸಿ ತಲೆತಗ್ಗಿಸಿದ್ದ. ಅವನಿಗೆ ಭಾಷೆ ಪೂರ್ತಿ ತಿಳಿಯದಿದ್ದರೂ ವಿಷಯ ತಿಳಿದಿತ್ತು.

ನಮಗೆ ಆ ಹೊಳೆ ಇದುವರೆಗೆ ಆಯೋಗದ ವರದಿಯ ಒಂದು ಗೆರೆಯಾಗಿತ್ತು. ಆ ಗೆರೆಯ ನೋವು ಇಂದಿಗೂ ಸುಳ್ಳಲ್ಲ. ಆದರೆ ಅದೇ ನೀರು ಒಬ್ಬ ಮಗಳಿಗೆ ತವರಿನ ದಾರಿಯಾಗಿತ್ತೆಂಬುದನ್ನು ನಾವು ಯಾವ ಪಾಠದಲ್ಲಿಯೂ ಹೇಳಿರಲಿಲ್ಲ. ಈ ಮಾತನ್ನು ಕೇಳಲು ನಮ್ಮ ತಂದೆಯವರು ಇರಬೇಕಿತ್ತು. ನಮ್ಮ "ಮುಂದಿನ ರಜೆ" ಅವರಿಗೆ ಅದನ್ನು ತಪ್ಪಿಸಿತು.

ಓದುಗ ಬಾಂಧವರಲ್ಲಿ ನಮ್ಮದೊಂದು ಬಿನ್ನಹ. ನಿಮ್ಮ ಮನೆಯ ಹಿರಿಯರನ್ನು ಕರೆದೊಯ್ಯುವಾಗ ಸ್ಥಳವನ್ನು ನೀವೇ ಗೊತ್ತುಮಾಡಬೇಡಿ. ಎಲ್ಲಿಗೆ ಹೋಗೋಣವೆಂದು ಅವರನ್ನೇ ಕೇಳಿ. ಮಳೆಗಾಲ ಕಳೆದು ಹೊಳೆ ತಿಳಿಯಾಗುವ ನವೆಂಬರದಿಂದ ಫೆಬ್ರವರಿಯವರೆಗಿನ ದಿನಗಳು ಇದಕ್ಕೆ ಹಿತವಾದವು. ಯಾವ ತಿಂಗಳೆಂಬುದನ್ನು ಹೊಳೆ ನಿರ್ಧರಿಸಲಿ. ಯಾವ ವರ್ಷವೆಂದು ಕೇಳಿದರೆ, ಈ ವರ್ಷವೇ ಎನ್ನಿ.