ಅಡಿಕೆಯ ನೆರಳಿನ ಕೊಕ್ಕೊ ಮತ್ತು ಊರಲ್ಲಿಲ್ಲದ ಒಡೆಯ

ನುಂಗಂಬಾಕ್ಕಂನ ಆಂಡರ್ಸನ್ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲಿ ಆ ಹೆಸರು ಯಾರದೆಂದು ಬಲ್ಲವರು ವಿರಳ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮದರಾಸಿನಲ್ಲಿ ಕಂಪನಿ ಸರಕಾರದ ವೈದ್ಯಾಧಿಕಾರಿಯಾಗಿದ್ದ ಡಾ. ಜೇಮ್ಸ್ ಆಂಡರ್ಸನ್ ಇಲ್ಲಿಯೇ ವಿಸ್ತಾರವಾದ ಸಸ್ಯೋದ್ಯಾನವೊಂದನ್ನು ಬೆಳೆಸಿ, ರೇಷ್ಮೆಗೆಂದು ಹಿಪ್ಪುನೇರಳೆಯನ್ನೂ ದೂರದೇಶಗಳ ಇತರ ಗಿಡಗಳನ್ನೂ ಈ ನೆಲಕ್ಕೆ ಒಗ್ಗಿಸಲು ಶ್ರಮಿಸಿದನು. ಸರಿಸುಮಾರು ಅದೇ ಕಾಲದಲ್ಲಿ, 1798ರಲ್ಲಿ, ತಿರುನೆಲ್ವೇಲಿ ಸೀಮೆಯ ಕುಟ್ರಾಲಂಗೆ ಕೊಕ್ಕೊ ಗಿಡ ಬಂದಿತು. ಭಾರತದ ಮಣ್ಣಿನಲ್ಲಿ ಅದರ ಮೊದಲ ನೆಲೆ ಅದೇ. ಆದರೆ ಅದು ಬೆಳೆಯೆನಿಸಿಕೊಂಡು ಬೇರೂರಿದುದು 1970ರ ದಶಕದಲ್ಲಿ, ಕೇರಳದಲ್ಲಿ ಹಾಗೂ ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ.

ಚೆನ್ನೈಯ ಕನ್ನಡಿಗರಿಗೆ ಈ ಬೆಳೆಯ ವಿಚಾರ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಪುತ್ತೂರು, ಬಂಟ್ವಾಳ, ಸುಳ್ಯ, ಕಾಸರಗೋಡುಗಳಿಂದ ಹೋಟೆಲು, ಬ್ಯಾಂಕು, ಲೆಕ್ಕಪರಿಶೋಧನೆ, ಕಂಪ್ಯೂಟರುಗಳ ಉದ್ಯೋಗವನ್ನರಸಿ ಈ ನಗರಕ್ಕೆ ಬಂದವರಲ್ಲಿ ಹಲವರು ಇಂದಿಗೂ ಎರಡೋ ಮೂರೋ ಎಕರೆ ಅಡಿಕೆ ತೋಟದ ಒಡೆಯರು. ನುಂಗಂಬಾಕ್ಕಂನ ಲೇಕ್ ಏರಿಯಾದಲ್ಲಿ ಕೆರೆಯ ಹೆಸರೊಂದು ಉಳಿದಿರುವಂತೆ ಇವರ ಪಹಣಿಯಲ್ಲಿ ತೋಟದ ಹೆಸರು ಉಳಿದಿದೆ. ತೋಟವನ್ನು ನಡೆಸುವವನು ಬೇರೊಬ್ಬ. ಆಜ್ಞೆ ಹೋಗುವುದು ದೂರವಾಣಿಯ ಮೂಲಕ. ಆ ತೋಟಗಳಲ್ಲಿ ಕೊಕ್ಕೊ ಉಳಿಯುವುದೋ ಅಳಿಯುವುದೋ ಎಂಬುದು ಬಹುಮಟ್ಟಿಗೆ ಈ ದೂರದ ಒಡೆಯರ ಕೈಯಲ್ಲಿದೆ.

ಕೊಕ್ಕೊ ಮೂಲತಃ ಅಮೆಜಾನ್ ಕಾಡಿನ ಮರ. ಹೆಮ್ಮರಗಳ ಕೆಳಗೆ, ಚದುರಿದ ಬೆಳಕಿನಲ್ಲಿ ಬೆಳೆಯುವುದು ಅದರ ಸ್ವಭಾವ. ಅಡಿಕೆ ತೋಟ ಅದಕ್ಕೆ ಹೇಳಿ ಮಾಡಿಸಿದ ಮನೆ. ಒಂಬತ್ತು ಅಡಿ ಅಂತರದಲ್ಲಿ ನೆಟ್ಟ ಅಡಿಕೆ ಮರಗಳ ನಡುವೆ, ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೊಕ್ಕೊ ನೆಡಬಹುದೆಂದು ವಿಟ್ಲದ ಸಂಶೋಧನಾ ಕೇಂದ್ರ ತೋರಿಸಿಕೊಟ್ಟಿದೆ. ಉದುರಿದ ಎಲೆಗಳು ನೆಲಕ್ಕೆ ದಪ್ಪನೆಯ ಹೊದಿಕೆಯಾಗಿ ಬೇಸಗೆಯ ತೇವವನ್ನು ಕಾಯುತ್ತವೆ. ಇನ್ನೊಂದು ವಿಶೇಷವುಂಟು. ಕೊಕ್ಕೊ ಹೂವು ಕಾಂಡದ ಮೇಲೆಯೇ ಅರಳುತ್ತದೆ. ಅದರ ಪರಾಗವನ್ನು ಹೊತ್ತೊಯ್ಯುವುದು ಜೇನ್ನೊಣವಲ್ಲ, ನುಸಿಯಂಥ ಅತಿ ಸೂಕ್ಷ್ಮ ಕೀಟ. ಅದು ಮರಿಮಾಡುವುದು ಕೊಳೆತ ತರಗೆಲೆಯಲ್ಲಿ, ಕೊಳೆತ ಬಾಳೆಯ ದಿಂಡಿನಲ್ಲಿ, ಒಡೆದೆಸೆದ ಕೊಕ್ಕೊ ಸಿಪ್ಪೆಯಲ್ಲಿ. ಅಂದರೆ ಪಟ್ಟಣದ ಕಣ್ಣಿಗೆ ಕಸವೆನಿಸುವುದನ್ನೆಲ್ಲ ಗುಡಿಸಿ ತೆಗೆದ ಚೊಕ್ಕ ತೋಟದಲ್ಲಿ ಕಾಯಿ ಕಟ್ಟುವುದೇ ಕಡಿಮೆ. ಬಾಳೆ, ಕಾಳುಮೆಣಸು, ಮೇಲೆ ಅಡಿಕೆ, ಕೆಳಗೆ ಕೊಕ್ಕೊ, ಪಕ್ಕದ ಕುಮ್ಕಿಯಿಂದ ಬರುವ ಸೊಪ್ಪು, ಇವೆಲ್ಲ ಒಂದನ್ನೊಂದು ಪೋಷಿಸುವ ಸಂಸಾರ. ಹಿರಿಯರಿಗೆ ಕೊಕ್ಕೊ ಹೊಸದಾಗಿತ್ತೇ ಹೊರತು ಈ ಸಂಸಾರದ ರೀತಿ ಹೊಸದಾಗಿರಲಿಲ್ಲ.

ಆದರೂ ಈ ಬೆಳೆ ಒಮ್ಮೆ ಬುಡಸಹಿತ ಕಿತ್ತುಹೋದುದುಂಟು. 1980ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ, ಆಸೆಯಿಂದ ನೆಟ್ಟಿದ್ದ ಕೃಷಿಕರು ಅಷ್ಟೇ ಬೇಸರದಿಂದ ಗಿಡಗಳಿಗೆ ಕೊಡಲಿ ಹಾಕಿದರು. ಅಡಿಕೆಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಹುಟ್ಟಿದ್ದ ಕ್ಯಾಂಪ್ಕೊ ಸಹಕಾರ ಸಂಸ್ಥೆ ಆಗ ಕೊಕ್ಕೊ ಖರೀದಿಗೂ ಕೈಹಾಕಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಸ್ವಂತ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಕೃಷಿಕರ ಸಹಕಾರಿಯೊಂದು ಇಂಥ ಸಾಹಸಕ್ಕಿಳಿದುದು ಸಾಮಾನ್ಯ ಸಂಗತಿಯಲ್ಲ. ಅದಕ್ಕಿಂತ ಮುಂಚೆಯೇ ಕಡಿದವರ ತೋಟಕ್ಕೆ ಮಾತ್ರ ಅದರ ಫಲ ದೊರೆಯಲಿಲ್ಲ.

ಬೆಲೆಯ ಈ ಚಂಚಲತೆ ಇಂದಿಗೂ ತಪ್ಪಿಲ್ಲ. ಜಗತ್ತಿನ ಕೊಕ್ಕೊವಿನಲ್ಲಿ ಅರ್ಧಕ್ಕಿಂತ ಹೆಚ್ಚು ಐವರಿ ಕೋಸ್ಟ್ ಮತ್ತು ಘಾನಾ ದೇಶಗಳದು. ಅಲ್ಲಿ ಕಾಡು ಕಡಿದು, ನೆರಳು ತೆಗೆದು, ಬಯಲ ಬಿಸಿಲಿನಲ್ಲಿ ಕೊಕ್ಕೊವೊಂದನ್ನೇ ಬೆಳೆದ ಪ್ರದೇಶಗಳು ವಿಪುಲವಾಗಿವೆ. ಮರಗಳು ಮುದಿಯಾದವು, ವೈರಸ್ ರೋಗ ಹರಡಿತು, ಮಳೆ ಕಾಲ ತಪ್ಪಿತು. 2024ರಲ್ಲಿ ಲೋಕದ ಪೇಟೆಯಲ್ಲಿ ಟನ್ನಿನ ಬೆಲೆ ಹತ್ತು ಸಾವಿರ ಡಾಲರುಗಳನ್ನು ದಾಟಿತು. ಪುತ್ತೂರಿನ ಹಸಿಬೀಜಕ್ಕೂ ಆ ವರ್ಷ ಹಿಂದೆಂದೂ ಕಾಣದ ಧಾರಣೆ ಬಂದಿತು. 2025ರಲ್ಲಿ ಬೆಲೆ ಮತ್ತೆ ಇಳಿಮುಖವಾಯಿತು. ಏರಿದಾಗ ನೆಟ್ಟು ಇಳಿದಾಗ ಕಡಿಯುವವನಿಗೆ ಎರಡು ಕಡೆಯೂ ನಷ್ಟವೇ, ಏಕೆಂದರೆ ಗಿಡ ಚೆನ್ನಾಗಿ ಫಲ ಕೊಡಲು ನಾಲ್ಕೈದು ವರ್ಷ ಬೇಕು.

ಹಾಗೆಂದು ಮಿಶ್ರಬೆಳೆಯೊಂದೇ ಸರ್ವರೋಗ ನಿವಾರಕವೆಂದು ಹೊಗಳುವುದೂ ಸಲ್ಲ. ಬ್ರೆಜಿಲಿನ ಬಾಹಿಯಾದಲ್ಲಿ ಕಾಡಿನ ಮರಗಳ ನೆರಳಿನಲ್ಲಿಯೇ ಬೆಳೆದಿದ್ದ ಕೊಕ್ಕೊ, 1989ರಲ್ಲಿ ಬಂದ ಶಿಲೀಂಧ್ರ ರೋಗಕ್ಕೆ ತುತ್ತಾಗಿ ನೆಲಕಚ್ಚಿತು. ಕರಾವಳಿಯ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ತರುವ ರೋಗಾಣುವಿಗೂ ಕೊಕ್ಕೊ ಕಾಯಿಯನ್ನು ಕಪ್ಪಾಗಿಸುವ ರೋಗಾಣುವಿಗೂ ಕುಲ ಒಂದೇ. ಕೊಂಬೆ ಸವರದೆ ಬಿಟ್ಟ ತೋಟ ಗಾಳಿಯಾಡದೆ ರೋಗದ ಮಡುವಾಗುತ್ತದೆ. ಅಳಿಲು, ಇಲಿಗಳು ಕಾಯಿಗೆ ತೂತು ಕೊರೆದು ಬೀಜವನ್ನು ಖಾಲಿ ಮಾಡುತ್ತವೆ. ಹತ್ತು ಹದಿನೈದು ದಿನಗಳಿಗೊಮ್ಮೆ ಕೊಯ್ಯಬೇಕು, ಒಡೆದ ಹಸಿಬೀಜವನ್ನು ತಡಮಾಡದೆ ಮಾರಬೇಕು ಇಲ್ಲವೆ ಐದಾರು ದಿನ ಹುದುಗಿಸಿ ಒಣಗಿಸಬೇಕು. ಅಡಿಕೆಯಾದರೋ ವರ್ಷಕ್ಕೆ ಕೆಲವೇ ಕೊಯ್ಲು. ಒಣಗಿಸಿ ಸುಲಿದಿಟ್ಟರೆ ಒಡೆಯನು ರಜೆಯಲ್ಲಿ ಬರುವವರೆಗೂ ಕಾಯುತ್ತದೆ.

ನಿಜವಾದ ತೊಡಕು ಇರುವುದು ಇಲ್ಲಿ. ಬಗೆಬಗೆಯ ಮರಗಳ ತೋಟವು ದಿನವೂ ಕಣ್ಣಿಟ್ಟು ನೋಡುವವನನ್ನು ಬೇಡುತ್ತದೆ; ನಾಲ್ಕುನೂರು ಮೈಲಿ ದೂರದಿಂದ ನಡೆಯುವ ಆಡಳಿತವು ಒಂದೇ ಬೆಳೆಯನ್ನು, ಒಂದೇ ಲೆಕ್ಕವನ್ನು ಬೇಡುತ್ತದೆ. ಏಕಬೆಳೆಯ ದೋಷವನ್ನು ಪೇಟೆಯ ಮೇಲೆ, ಸರಕಾರದ ಮೇಲೆ ಹೊರಿಸುವುದು ವಾಡಿಕೆ. ನಗರವಾಸಿ ಒಡೆಯನ ಅನುಕೂಲವೂ ಅದಕ್ಕೆ ಕಾರಣವೆಂಬುದನ್ನು ಯಾರೂ ಹೇಳುವುದಿಲ್ಲ. ‘ಕೊಕ್ಕೊ ರಗಳೆ ಬೇಡ, ಅಡಿಕೆ ಒಂದಿದ್ದರೆ ಸಾಕು’ ಎಂಬ ಫೋನಿನ ಒಂದು ಮಾತಿಗೆ ನಲವತ್ತು ವರ್ಷಗಳ ಗಿಡಗಳು ಉರುಳುತ್ತವೆ.

ಅಡಿಕೆಯೊಂದನ್ನೇ ನೆಚ್ಚುವ ಕಾಲವೂ ಇದಲ್ಲ. ಸುಳ್ಯದ ಸಂಪಾಜೆಯ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಬರಿದುಮಾಡಿದೆ. ಎಲೆಚುಕ್ಕಿ ರೋಗ ಮಲೆನಾಡನ್ನೂ ಕರಾವಳಿಯನ್ನೂ ಕಾಡುತ್ತಿದೆ. ಮೇಲಾಗಿ, ತಂಬಾಕು ಬೆರೆಸದ ಅಡಿಕೆಯ ಸೇವನೆಯೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2003ರಲ್ಲಿಯೇ ನಿರ್ಣಯಿಸಿದೆ. ಅಡಿಕೆಯ ಆದಾಯದಲ್ಲಿ ವಿದ್ಯಾವಂತರಾದ ಮನೆತನಗಳಿಗೆ ಈ ಮಾತು ಕಹಿ. ಆರೋಗ್ಯದ ಲೇಖನಗಳಿರುವ ಸಂಚಿಕೆಯಲ್ಲಿ ಅದನ್ನು ಮುಚ್ಚಿಡುವುದು ಮಾತ್ರ ಅಪಚಾರವಾದೀತು.

ಕೊಕ್ಕೊವಿಗೆ ಔಷಧಿಯ ಪಟ್ಟ ಕಟ್ಟುವುದೂ ಬೇಡ. ಅದರಲ್ಲಿರುವ ಫ್ಲೇವನಾಲುಗಳು ರಕ್ತನಾಳಗಳಿಗೆ ಹಿತವೆಂಬ ಮಾತಿಗೆ ಆಧಾರವಿದೆ. ಅಮೆರಿಕದಲ್ಲಿ ಇಪ್ಪತ್ತೊಂದು ಸಾವಿರಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಒಟ್ಟು ಪ್ರಕರಣಗಳು ಗಣನೀಯವಾಗಿ ತಗ್ಗಲಿಲ್ಲ. ಅಂಥ ಕಾಯಿಲೆಯಿಂದಾದ ಸಾವುಗಳು ಕಡಿಮೆಯಿದ್ದುವು, ಆದರೆ ಪರೀಕ್ಷೆಯ ಮುಖ್ಯ ಪ್ರಶ್ನೆ ಅದಾಗಿರಲಿಲ್ಲ. ಅಲ್ಲಿ ಕೊಟ್ಟದ್ದೂ ಕೊಕ್ಕೊ ಸಾರದ ಗುಳಿಗೆ, ಚಾಕಲೇಟಲ್ಲ. ಖಾದರ್ ನವಾಜ್ ಖಾನ್ ರಸ್ತೆಯ ಅಂಗಡಿಗಳ ಸಿಹಿ ಚಾಕಲೇಟಿನಲ್ಲಿ ಸಕ್ಕರೆಯದೇ ದೊಡ್ಡ ಪಾಲು, ಮಧುಮೇಹಿಗಳು ಮೋಸಹೋಗಬಾರದು.

ತೋಟ ನೋಡಿಕೊಳ್ಳುವವನಿಗೆ ಕೊಕ್ಕೊವಿನ ಆದಾಯದಲ್ಲಿ ಒಂದು ಪಾಲು ಕೊಟ್ಟರೆ ಅರ್ಧ ಸಮಸ್ಯೆ ತೀರುತ್ತದೆ. ಪಾಲು ಎಂದೊಡನೆ ಒಡೆಯರು ಬೆಚ್ಚುತ್ತಾರೆ. 1974ರ ಮಾರ್ಚ್ 1ರಂದು ಕರ್ನಾಟಕದಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನೇ ಕೊನೆಗಾಣಿಸಿತು. ಗೇಣಿಗೆ ಕೊಟ್ಟ ಭೂಮಿ ಕೈಬಿಟ್ಟ ನೆನಪು ಮನೆಮನೆಯಲ್ಲಿದೆ. ಆದರೆ ಇಲ್ಲಿ ಹೇಳುವುದು ಗೇಣಿಯಲ್ಲ. ಸಂಬಳ ಸಂಬಳವೇ, ಅದರ ಮೇಲೆ, ಮಾರಿದ ಹಸಿಬೀಜದ ತೂಕಕ್ಕನುಗುಣವಾಗಿ ಒಂದು ಪ್ರೋತ್ಸಾಹಧನ, ವಕೀಲರಿಗೆ ತೋರಿಸಿ ಬರೆದಿಟ್ಟ ಕರಾರಿನಂತೆ. ಮಾರಾಟದ ಚೀಟಿಯಲ್ಲಿ ತೂಕ ಇದ್ದೇ ಇರುತ್ತದೆ, ಅದರ ಚಿತ್ರ ಫೋನಿನಲ್ಲಿ ಅದೇ ದಿನ ಚೆನ್ನೈಗೆ ತಲಪೀತು. ಕೊಯ್ಲಿಗೆ ತಡವಾದರೆ ನಷ್ಟ ತನಗೂ ಉಂಟೆಂದು ತಿಳಿದವನು ಅಳಿಲನ್ನೂ ಓಡಿಸುತ್ತಾನೆ, ಕೊಂಬೆಯನ್ನೂ ಸವರುತ್ತಾನೆ.

ಕರಾವಳಿಯಲ್ಲಿ ಕೊಕ್ಕೊವಿನ ಎರಡು ಮುಖ್ಯ ಕೊಯ್ಲುಗಳಲ್ಲಿ ಒಂದು ಏಪ್ರಿಲಿನಿಂದ ಜೂನಿನವರೆಗೆ. ಶಾಲೆಗಳಿಗೆ ರಜೆ ಬಂದು, ಚೆನ್ನೈಯ ಸಂಸಾರಗಳು ಮಂಗಳೂರಿನ ರೈಲು ಹತ್ತುವುದೂ ಆಗಲೇ. ಹಳದಿ ತಿರುಗಿದ ಕಾಯಿಯನ್ನು ಒಡೆದು ಮಕ್ಕಳ ಕೈಗೆ ಕೊಟ್ಟರೆ, ಬೀಜದ ಸುತ್ತಣ ಬಿಳಿಯ ತಿರುಳನ್ನು ಅವರು ಚೀಪಿ ಮುಗಿಸುವಷ್ಟರಲ್ಲಿ ಈ ಕರಾರಿನ ಮಾತುಕತೆಯನ್ನು ಜಗಲಿಯಲ್ಲಿ ಆರಂಭಿಸಬಹುದು. ಮಳೆ ಹಿಡಿಯುವುದಕ್ಕೆ ಮುಂಚೆ ಕೊಂಬೆ ಸವರುವ ಕೆಲಸವೂ ಇರುತ್ತದೆ.